ಹುಲ್ಲು ನೆಟ್ಟ ಕಾಕಾ

ಊರೆಲ್ಲ ಜೋಳ ಬಿತ್ತಿ ಹುಲ್ಲು ಕಿತ್ತು ಬದುವಿಗೆ ಒಗೆಯುತ್ತಿದ್ದಾಗ, ಹುಲ್ಲು ನೆಟ್ಟು ಅದರೊಳಗೆ ಎದ್ದ ಜೋಳವನ್ನು ಕಿತ್ತು ಒಗೆಯುತ್ತಿದ್ದವನು ನಮ್ಮ ಕಾಕಾ ಒಬ್ಬನೇ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಮ್ಮಪ್ಪನ ಗಾಡಿಯಲ್ಲಿ ಕುಳಿತಿದ್ದ ಅಮೀನಗಡದ ಮುದುಕಿಯೊಬ್ಬಳು ಅವನನ್ನು ಕಂಡು ಕೈಮುಗಿದು, "ಪಾಪ, ಯಾವಾಗಿಂದ ಹಿಂಗಾಗ್ಯಾರ್ರಿ ಇವ್ರು?" ಎಂದು ಕೇಳಿದ್ದಳು.

"ಪಲ್ಟಣದಿಂದ ಬಂದಾಗಿಂದ," ಎಂದಿದ್ದ ಅಪ್ಪ.

ಆ ಕಾಕಾ ತೀರಿಕೊಂಡು ಇವತ್ತಿಗೆ ಹದಿನಾಲ್ಕು ದಿನ. ನನಗೆ ಹದಿನಾರು ವರ್ಷ. ನಾನು ಆಡುವ ಮಾತಿನಲ್ಲಿ ಅರ್ಧ ಉಬ್ಬಿಸಿದ್ದು ಎಂದು ನಮ್ಮೂರಿಗೆಲ್ಲ ಗೊತ್ತು. ಅರ್ಧ ಎಂಬುದೂ ನನ್ನ ಮೇಲಿನ ಪ್ರೀತಿಯಿಂದ ಹಾಕಿದ ಲೆಕ್ಕ. ಆದರೂ ಅವನ ಬಗ್ಗೆ ಬರೆಯುವುದು ನನ್ನ ಪಾಲಿಗೇ ಬಂದಿದೆ. ಯಾಕೆಂದು ಮುಂದೆ ತಿಳಿಯುತ್ತದೆ.

ನಮ್ಮೂರು ಹುನಗುಂದಕ್ಕೂ ಇಳಕಲ್ಲಿಗೂ ನಡುವೆ ಇದೆ. ಊರಿಗೆಲ್ಲ ಕಾಕಾ ಆಗಿದ್ದ ಅವನು ಮಸೂತಿ ಓಣಿಯವನು. ಪ್ರಾಯದಲ್ಲಿ ಊರು ಬಿಟ್ಟು ಪುಣೆಯ ಕಡೆ ಸೈನ್ಯದ ಒಂದು ಕುದುರೆ ಪಲ್ಟಣ ಸೇರಿದ್ದ. ಕುದುರೆ ಹತ್ತುವ ಸವಾರನಾಗಿ ಅಲ್ಲ, ಕುದುರೆಗೆ ಹುಲ್ಲು ಕೊಯ್ದು ತರುವವನಾಗಿ. ಒಬ್ಬನ ಪಾಲಿಗೆ ಎರಡು ಕುದುರೆ. ನಾನು ಇದನ್ನು ಸಾಲೆಯಲ್ಲಿ ಹೇಳುವಾಗ ನಾನೂರು ಕುದುರೆ ಮಾಡಿದ್ದೆ. ಅದು ಹೇಗೋ ಅವನಿಗೆ ಮುಟ್ಟಿತು. ಮರುದಿನ ನನ್ನ ಕಿವಿ ಹಿಡಿದು ನಿಲ್ಲಿಸಿದ.

"ಏ ಶಾಣ್ಯಾ, ಎರಡ ಕುದ್ರಿ. ಎರಡರ ಹೊಟ್ಟಿ ತುಂಬ್ಸೂದ್ರಾಗ ನನ್ನ ಸೊಂಟ ಹೋತು. ನಾನೂರ ಇದ್ದಿದ್ರ ನಿನ್ನ ಕಿವಿ ಹಿಂಡಾಕ ನಾ ಉಳಿತಿದ್ನೇನು?"

ಅವನ ನಡಿಗೆ ನೋಡಬೇಕಿತ್ತು. ಕಾಲನ್ನು ಕೊಕ್ಕರೆಯಂತೆ ಎತ್ತಿ, ಗಾಳಿಯಲ್ಲಿ ಒಂದು ಕ್ಷಣ ತಡೆದು, ಆಮೇಲೆ ಇಡುತ್ತಿದ್ದ. ಹಸಿ ನೆಲದಲ್ಲಿ ಕೊಯ್ದು ಕೊಯ್ದು ಬಂದ ರೂಢಿ; ಗಟ್ಟಿ ಕಲ್ಲಿನ ಹಾದಿಯಲ್ಲೂ ಬಿಡಲಿಲ್ಲ. ಅವನು ಮಸೂತಿ ಮುಟ್ಟುವಷ್ಟರಲ್ಲಿ ನಮಾಜು ಮುಗಿಸಿದ ಮಂದಿ ಎದುರಿಗೆ ಬರುತ್ತಾರೆ ಎಂದು ನಾನು ಎಲ್ಲರನ್ನೂ ನಗಿಸುತ್ತಿದ್ದೆ. ಖರೆ ಹೇಳಬೇಕೆಂದರೆ ಅವನೇ ಎಲ್ಲರಿಗಿಂತ ಮೊದಲು ಅಲ್ಲಿರುತ್ತಿದ್ದ. ತಡವಾಗುತ್ತದೆಂದು ಗೊತ್ತಿದ್ದರಿಂದ ಮೊದಲೇ ಹೊರಡುತ್ತಿದ್ದ. ಅವನ ಪಾದಗಳು ವರ್ಷದ ಅಷ್ಟೂ ದಿನ ಹಿಂಡಿ ಇಟ್ಟ ಬಿಳಿ ಅರಿವೆಯಂತೆ ಸುಕ್ಕಾಗಿರುತ್ತಿದ್ದವು. ಅವನ ಹೆಂಡತಿ, ನಮ್ಮ ಕಾಕಿ, ಬಾಯಿಯ ಮೇಲೆ ಕೈ ಇಟ್ಟುಕೊಂಡು ಹೇಳುತ್ತಿದ್ದಳು: "ಈ ಕಾಲ ಹಾಸಿಗಿಗೆ ತರಬ್ಯಾಡ್ರಿ ಅಂತೇನಿ. ಹಾಸಿಗಿ ಮೊಳಕಿ ಒಡೀತೈತಿ."

ಅವನ ಹೊಲ ಕೆರೆಯ ಏರಿಯ ಕೆಳಗಿತ್ತು. ಏರಿಯಿಂದ ಜಿನುಗುವ ನೀರು ಅಲ್ಲೇ ನಿಂತು ನೆಲ ಜವಳು ಹಿಡಿದಿತ್ತು. ಜೋಳ ಬಿತ್ತಿದರೆ ಮೊಳ ಎತ್ತರಕ್ಕೆ ಹಳದಿಯಾಗಿ ಕೂರುತ್ತಿತ್ತು. ನೇಗಿಲು ಹೂಡಿದರೆ ಎತ್ತು ಹೂತು, ಎತ್ತನ್ನು ಎಳೆಯಲು ಇನ್ನೊಂದು ಜೋಡಿ ತಂದರೆ ಅದೂ ಹೂತು, ಕೊನೆಗೆ ಊರಿನ ಎತ್ತುಗಳೆಲ್ಲ ಅಲ್ಲೇ ಇದ್ದವು ಎನ್ನುವುದು ನನ್ನ ವರದಿ. ಒಂದು ಎತ್ತು ಹೂತದ್ದಂತೂ ಖರೆ. ಕಾಕಾ ಆ ನೆಲವನ್ನು ಕೇಳಿದಾಗ ಗೌಡರು ನಕ್ಕು, "ತಗೊಳಪಾ, ಕಪ್ಪಿ ಸಮೇತ ತಗೊ," ಎಂದರಂತೆ.

ಮೊದಲ ವರ್ಷ ಅವನು ಕುದುರೆ ಮೆಂತೆ ಹಾಕಿದ. ಪಲ್ಟಣದ ಕುದುರೆಗಳು ತಿನ್ನುವ, ಮೆಂತೆಯಂಥ ಸೊಪ್ಪು. ಗೇಣುದ್ದ ಚೆಂದವಾಗಿ ಬಂತು. ಒಂದು ದೊಡ್ಡ ಮಳೆ ಆಯಿತು. ವಾರದಲ್ಲಿ ಅಷ್ಟೂ ಸೊಪ್ಪು ಮಲಗಿತು. ನಾವು ಹುಡುಗರು ನಗಲು ಓಡಿಹೋದೆವು. ಅವನು ಒಂದು ಗಿಡ ಕಿತ್ತು ಬೇರನ್ನು ನನ್ನ ಮೂಗಿಗೆ ಹಿಡಿದ. ಗಟಾರದ ವಾಸನೆ.

"ಇದು ನೀರಡಿಸಿ ಸತ್ತಿಲ್ಲ, ಉಸರ್ ಕಟ್ಟಿ ಸತ್ತೈತಿ. ಬೇರಿಗೂ ಮೂಗ ಐತಿ ಶಾಣ್ಯಾ. ನಾ ಮರ್ತಿದ್ದೆ."

ಮರುವರ್ಷ ಮತ್ತೆ ಪುಣೆಗೆ ಹೋಗಿ, ಒಂದು ಗೋಣಿಚೀಲ ಹೊತ್ತು ಬಾಗಲಕೋಟೆ ಸ್ಟೇಶನ್ನಿನಲ್ಲಿ ಇಳಿದ. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ದಾರಿಯುದ್ದಕ್ಕೂ ಸ್ಟೇಶನ್ನು ಬಂದಾಗಲೆಲ್ಲ ಇಳಿದು ಅದಕ್ಕೆ ನೀರು ಕುಡಿಸಿದ್ದನಂತೆ. ಒಳಗಿರುವುದು ಮೀನು ಎಂದು ತಿಳಿದು ಒಬ್ಬ ಶಾಸ್ತ್ರಿ ರೈಲಿನ ಬೇರೆ ಡಬ್ಬಿಗೆ ಹೋದ. ಮೀನು ಎಂದು ತಿಳಿದೇ ಇನ್ನೊಬ್ಬ ಹತ್ತಿರ ಬಂದು ಕುಳಿತ. ಒಳಗಿದ್ದದ್ದು ಹುಲ್ಲಿನ ಕಡ್ಡಿ. ಕಬ್ಬಿನ ಮರಿಯಂತೆ ಗಣ್ಣು ಗಣ್ಣಾಗಿತ್ತು, ಸಣ್ಣ ಬೆರಳಿನಷ್ಟು ದಪ್ಪ. ನೀರಲ್ಲಿ ನಿಂತೇ ಬೆಳೆಯುವ ಜಾತಿ. ನೀರಹುಲ್ಲು ಎಂದು ಕಾಕಾ ಕರೆಯುತ್ತಿದ್ದ. ಕಡ್ಡಿಯನ್ನು ತುಂಡು ಮಾಡಿ, ಎರಡು ಗಣ್ಣು ಕೆಸರಿನಲ್ಲಿ, ಒಂದು ಗಣ್ಣು ಹೊರಗೆ, ಹೀಗೆ ಕಾಲಿನ ಹೆಬ್ಬೆರಳಿನಿಂದ ಒತ್ತುತ್ತಾ ಹೋದ. ಕೈ ಬಳಸಲಿಲ್ಲ, ಬಗ್ಗಲು ಸೊಂಟ ಒಪ್ಪುತ್ತಿರಲಿಲ್ಲ.

ಹೊಲವನ್ನು ಸಣ್ಣ ಕಾಲುವೆಗಳಿಂದ ಇಪ್ಪತ್ತೆಂಟು ಪಟ್ಟಿ ಮಾಡಿದ. ನೀರನ್ನು ಪೂರಾ ತೆಗೆಯಲೂ ಇಲ್ಲ, ನಿಲ್ಲಲು ಬಿಡಲೂ ಇಲ್ಲ. "ನೀರು ಬೀಗ್ರು ಬಂದಂಗ ಬಂದ ಹೋಗ್ಬೇಕು. ಮನಿ ಅಳ್ಯಾ ಆಗಿ ಕುಂದರಬಾರದು," ಎನ್ನುತ್ತಿದ್ದ. ಮನೆ ಅಳಿಯನಾಗಿದ್ದ ನಮ್ಮ ಓಣಿಯ ಒಬ್ಬರು ಅಂದಿನಿಂದ ಆ ಹಾದಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು.

ದಿನಕ್ಕೊಂದು ಪಟ್ಟಿ ಕೊಯ್ಲು. ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಮತ್ತೆ ತಯಾರು. ಕೊಯ್ದದ್ದನ್ನು ಹೊತ್ತು ತಂದು ದನದ ಮುಂದೆ ಹಾಕಬೇಕೇ ಹೊರತು ದನ ಹೊಲದೊಳಗೆ ಬರಕೂಡದು. ಆಡಿನ ಮರಿಯೂ ಕೂಡದು, ಅವನ ಸ್ವಂತ ಎಮ್ಮೆಯೂ ಕೂಡದು. ಅವನ ಕಾನೂನು ಇದೊಂದೇ. ಹಸಿ ನೆಲವನ್ನು ಗೊರಸು ತುಳಿದರೆ ಅಲ್ಲಿ ಮಣ್ಣು ಗಚ್ಚಿನಂತೆ ಬಿಗಿಯುತ್ತದೆ, ಕುಣಿಯಲ್ಲಿ ನೀರು ನಿಲ್ಲುತ್ತದೆ, ಬೇರು ಉಸಿರು ಕಟ್ಟಿ ಸಾಯುತ್ತದೆ. ಮುಳ್ಳಿನ ಬೇಲಿ, ಮುಳ್ಳಿನದೇ ಬಾಗಿಲು. ಹೊರಗೆ ನಿಂತು "ಕಾಕಾ, ನಮ್ಮ ಆಕಳಾ ಒಂದ ಸಲ ಬಾಯಿ ಹಾಕ್ಲೇನ್ರಿ?" ಎಂದು ಕೇಳಿದವರಿಗೆ, "ಬಾಯಿ ಹಾಕ್ಲಿ. ಕಾಲ ಮನಿಯಾಗ ಬಿಟ್ಟ ಬರಾಕ ಹೇಳು," ಎಂಬುದು ಉತ್ತರ.

ಈ ಬೇಸಿಗೆಯಲ್ಲಿ ನಮ್ಮ ಗಾಡಿ ಓಣಿಯ ಬಣವೆಗಳಿಗೆ ಬೆಂಕಿ ಬಿತ್ತು. ಓಣಿಯಲ್ಲಿ ಏಳು ಮನೆ, ಏಳು ಜೋಡಿ ಎತ್ತು. ಇಳಕಲ್ಲಿನ ಸೀರೆಯ ಗಂಟುಗಳನ್ನು ಬಾಗಲಕೋಟೆ ಸ್ಟೇಶನ್ನಿಗೆ ಸಾಗಿಸುವುದೇ ನಮ್ಮ ಕಸುಬು. ಎಲ್ಲರ ಎತ್ತಿನ ಒಣ ಮೇವು, ಜೋಳದ ಕಣಿಕೆ, ಒಂದೇ ಬಯಲಿನಲ್ಲಿ ಸಾಲಾಗಿ ಇತ್ತು. ಯಾರ ಚುಟ್ಟಾದ ಕಿಡಿಯೋ ಗೊತ್ತಿಲ್ಲ. ಬಿಸಿಲೇರುವಷ್ಟರಲ್ಲಿ ಏಳೂ ಬಣವೆ ಬೂದಿಯಾದವು. ಇದರಲ್ಲಿ ಉಬ್ಬಿಸಲು ನನಗೆ ಏನೂ ಉಳಿಯಲಿಲ್ಲ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು. ಗುಡ್ಡದಲ್ಲಿ ಹುಲ್ಲಿನ ಕಡ್ಡಿಯೂ ಇರಲಿಲ್ಲ.

ಸಂಜೆ ಕಾಕಾ ಓಣಿಗೆ ಬಂದ. ಕಾಲೆತ್ತಿ ಇಡುತ್ತಾ, ಬೂದಿಯ ಸುತ್ತ ಒಂದು ಸುತ್ತು ಹಾಕಿ, "ನಾಳೆ ಮುಂಜಾನಿಂದ ಮನಿಗೊಂದು ಹೊರಿ ಹುಲ್ಲು. ಒಬ್ರ ಬರ್ರಿ, ಬರಿಗಾಲಿಲೆ ಬರ್ರಿ," ಎಂದ. ಅಷ್ಟೇ. ಯಾರೋ ಅವನ ಕಾಲು ಮುಟ್ಟಲು ಹೋದರು. "ಮುಟ್ಟಬ್ಯಾಡ, ಜಾರತಾವ," ಎಂದು ಹಿಂದೆ ಸರಿದ.

ಒಂಬತ್ತು ದಿನ ಹಾಗೆ ನಡೆಯಿತು. ಒಂದು ಹೊರೆ ಎರಡು ಎತ್ತಿಗೆ ಸಾಲುತ್ತಿರಲಿಲ್ಲ, ಸಾಯದಷ್ಟು ಆಗುತ್ತಿತ್ತು. ನಮ್ಮ ಎತ್ತುಗಳ ಪಕ್ಕೆಲುಬು ಕಾಣತೊಡಗಿದವು. ಬೇಲಿಯಾಚೆ ಇನ್ನೂ ಕೊಯ್ಯದ ಪಟ್ಟಿಗಳಲ್ಲಿ ಹುಲ್ಲು ಸೊಂಟದೆತ್ತರಕ್ಕೆ ತೂಗುತ್ತಿತ್ತು. ಮುದುಕ ಜಿಪುಣತನ ಮಾಡುತ್ತಿದ್ದಾನೆ ಎಂದು ನಾನು ಗೆಳೆಯರ ಮುಂದೆ ಹೇಳಿದೆ. ನಾನಾಗಿದ್ದರೆ ಎಲ್ಲ ಎತ್ತುಗಳಿಗೂ ಒಂದೇ ದಿನ ಹೊಟ್ಟೆ ತುಂಬ ಉಣಿಸಿ ತೋರಿಸುತ್ತಿದ್ದೆ ಎಂದೂ ಹೇಳಿದೆ.

ಹತ್ತನೆಯ ದಿನ ಶುಕ್ರವಾರ. ಹಿಂದಿನ ದಿನ ಅಕಾಲದ ಒಂದು ಅಡ್ಡಮಳೆ ಆಗಿತ್ತು. ಮಧ್ಯಾಹ್ನ ಅಪ್ಪ ಮಲಗಿದ್ದ. ನಾನು ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಹೊಡೆದುಕೊಂಡು ಹೋದೆ. ಕಾಕಾ ಮಸೂತಿಗೆ ಹೋಗಿದ್ದ. ಮುಳ್ಳಿನ ಬಾಗಿಲನ್ನು ಕೋಲಿನಿಂದ ಸರಿಸಿದೆ. ಒಂದು ಅರ್ಧ ತಾಸು ಮೇಯಲಿ, ಆಮೇಲೆ ಹೊರಗೆ ತರುತ್ತೇನೆ ಎಂದುಕೊಂಡೆ. ಎತ್ತುಗಳು ಹುಲ್ಲಿನಲ್ಲಿ ಮುಖ ಹುದುಗಿಸಿದ್ದನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ ಏರಿಯ ಮೇಲೆ ನಿಂತು ಕೂಗಿದೆ. ಅದೇ ತಪ್ಪು. ಎರಡನೆಯ ಜೋಡಿ ಬಂತು, ಮೂರನೆಯದು ಬಂತು. ಬಂದವರು ಹುಡುಗರಲ್ಲ. ಹಸಿದ ಹದಿನಾಲ್ಕು ಎತ್ತು ಒಳಗಾದ ಮೇಲೆ ಹೊರಗೆ ತರುವುದು ಯಾರ ಕೈಯಲ್ಲೂ ಆಗಲಿಲ್ಲ. ಒಂದು ಇನ್ನೊಂದನ್ನು ಹಾಯ್ದು, ಕಾಲುವೆ ಮುರಿದು, ಕೊಯ್ದ ಪಟ್ಟಿಗಳ ಎಳೆ ಚಿಗುರನ್ನೂ ತುಳಿದವು.

ಕಾಕಾ ಬಂದಾಗ ಏರಿಯ ಮೂಲೆಯ ನಾಲ್ಕು ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಕೆಸರು. ಅವನು ಬೈಯಲಿಲ್ಲ. ಬಾಗಿಲಲ್ಲಿ ನಿಂತು, "ಹೊಟ್ಟಿ ತುಂಬ ತಿಂದಾವೇನು?" ಎಂದು ಕೇಳಿದ. ಹೊಟ್ಟೆ ತುಂಬಿರಲಿಲ್ಲ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು.

ಅಷ್ಟರಲ್ಲಿ ಅಪ್ಪ ಓಡಿಬಂದ. "ಯಾಂವ ಮೊದಲು ಬಿಟ್ಟಾಂವ?" ಎಂದು ಕೂಗಿದ. ಎಲ್ಲರೂ ಎಲ್ಲರ ಮುಖ ನೋಡಿದರು. ನಾನು ಎಲ್ಲರಿಗಿಂತ ಹೆಚ್ಚು ನೋಡಿದೆ.

ಕಾಕಾ ಕೆಸರಿಗೆ ಇಳಿದ. ಗಾಡಿ ಎತ್ತುಗಳ ಗೊರಸಿಗೆ ಲಾಳ ಹೊಡೆದಿರುತ್ತದೆ; ಒಬ್ಬೊಬ್ಬರ ಎತ್ತಿನದು ಒಂದೊಂದು ರೀತಿ ಸವೆದಿರುತ್ತದೆ. ಕುದುರೆಯ ಕಾಲು ನೋಡುತ್ತಾ ಮುದುಕನಾದವನಿಗೆ ಅದು ಮುಖ ನೋಡಿದಂತೆಯೇ. ಮೊಣಕಾಲೂರಿ ಒಂದೊಂದೇ ಹೆಜ್ಜೆಯೊಳಗೆ ಬೆರಳಾಡಿಸಿದ. ಕೊನೆಗೆ ಒಂದರ ಹತ್ತಿರ ನಿಂತ. ಅದರಲ್ಲಿ ಲಾಳದ ಅರ್ಧ ಗುರುತು ಮಾತ್ರ ಇತ್ತು. ನಮ್ಮ ಎಡಗಡೆ ಎತ್ತಿನ ಮುಂಗಾಲಿನ ಅರ್ಧ ಲಾಳ ಬಿದ್ದು ವಾರವಾಗಿತ್ತು.

"ಇದರ ಮ್ಯಾಲ ಆರೂ ಜೋಡಿ ತುಳದಾವ. ಇದು ಯಾರ್ ಮ್ಯಾಲೂ ತುಳದಿಲ್ಲ," ಎಂದ.

ಎಲ್ಲರೂ ನಮ್ಮ ಎತ್ತನ್ನು ನೋಡಿದರು. ಎತ್ತು ನನ್ನನ್ನು ನೋಡಿತು ಎಂದು ಬರೆಯಬಹುದು. ಅದು ಮೆಲುಕು ಹಾಕುತ್ತಿತ್ತು. ಅಪ್ಪ ಬಾರುಕೋಲು ಎತ್ತಿದ.

"ಕೆಳಗ ಇಡೋ," ಎಂದ ಕಾಕಾ. "ಮೊದಲನೇ ಜೋಡಿ ಹುಡುಗಂದು. ಎರಡನೇದು ಯಾರ್ದು ಹೇಳ್ಲೇನು? ಅವಗ ಮೀಸಿ ಬಂದಾವ."

ಆರು ಮಂದಿ ಗಾಡಿಯವರು ನೆಲ ನೋಡಿದರು. ಒಬ್ಬನ ಕೈ ತಾನಾಗಿಯೇ ಮೀಸೆಗೆ ಹೋಗಿ, ಅಲ್ಲಿಂದ ಬೆಂಕಿ ತಾಗಿದಂತೆ ಇಳಿಯಿತು. ಬೇರೆ ದಿನವಾಗಿದ್ದರೆ ನಾನು ಅದನ್ನು ಒಂದು ವರ್ಷ ಆಡಿ ತೋರಿಸುತ್ತಿದ್ದೆ.

ಮರುದಿನದಿಂದ ಎಲ್ಲರೂ ಹೊಲದಲ್ಲಿ. ಗೊರಸಿನ ಕುಣಿಯ ಅಂಚನ್ನು ಬೆರಳಿನಿಂದ ಸಡಿಲಿಸಿ, ಕೆರೆಯ ಒಣ ಗೋಡುಮಣ್ಣು ಮತ್ತು ಕಳಿತ ಸಗಣಿ ತುಂಬಬೇಕು, ಒತ್ತಬಾರದು. ತಂತಮ್ಮ ಎತ್ತಿನ ಹೆಜ್ಜೆ ತಾವೇ ತುಂಬಬೇಕು. ಕಾಲುವೆ ಮತ್ತೆ ತೆಗೆಯಬೇಕು. ಸಾವಿರ ಕುಣಿ ತುಂಬಿದೆ ಎಂದು ಹೇಳುವ ಆಸೆ ಇದೆ. ಎಣಿಸಲಿಲ್ಲ. ಕೆಸರಿನಲ್ಲಿ ಹೂತ ಗಣ್ಣುಗಳು ಚಿಗುರುತ್ತವೆ, ಆದರೆ ಒಂದು ತಿಂಗಳು ಬೇಕು ಎಂದ ಕಾಕಾ.

ಆ ತಿಂಗಳಿಗೆ ಮೇವು ಎಲ್ಲಿಂದ? ಉಳಿದ ನಾಲ್ಕು ಪಟ್ಟಿಯನ್ನು ಸ್ವಲ್ಪ ಸ್ವಲ್ಪ ಕೊಯ್ದು ಹನ್ನೆರಡು ದಿನ ಎಳೆದೆವು. ಅದರ ಜೊತೆಗೆ ಕೆರೆಯ ನಡುವೆ ಬೆಳೆದ ಜೇಕಿನ ಹುಲ್ಲು. ಅದನ್ನು ಕೊಯ್ಯಲು ಕಾಕಾ ದಿನಾ ಮುಂಜಾನೆ ಎದೆಮಟ್ಟದ ನೀರಿಗೆ ಇಳಿಯುತ್ತಿದ್ದ. ಬೇರೆಯವರು ಇಳಿಯುತ್ತೇವೆಂದರೆ ಬಿಡಲಿಲ್ಲ. "ಯಾವ್ದು ಎತ್ತಿಗೆ ಆಗ್ತೈತಿ, ಯಾವ್ದು ಹೊಟ್ಟಿ ಉಬ್ಬಸ್ತೈತಿ, ನಿಮಗ ಗೊತ್ತಿಲ್ಲ." ನನ್ನನ್ನು ಮಾತ್ರ ಸೊಂಟದ ನೀರಿನ ತನಕ ಕರೆದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕೊಯ್ದು ನನ್ನ ಕೈಗೆ ಕೊಡುತ್ತಿದ್ದ. ಮೂರನೆಯ ದಿನ ಎರಡು ಕಡ್ಡಿ ಮುಖದ ಮುಂದೆ ಹಿಡಿದ. "ಮೂರು ಮೂಲಿದ್ದು ಜೇಕು, ಇದನ್ನ ಕೊಯ್ಯಿ. ದುಂಡಂದು ಬಿಡು." ಅದು ನನಗೆ ಸಿಕ್ಕ ಕ್ಷಮೆ ಎಂದುಕೊಂಡೆ. ಅವನು ಪಾಠವನ್ನಷ್ಟೇ ಹೇಳಿದ್ದಿರಬಹುದು.

ಹದಿಮೂರನೆಯ ದಿನ ಅವನಿಗೆ ಚಳಿಜ್ವರ ಬಂತು. ವಾರವಾದರೂ ಇಳಿಯಲಿಲ್ಲ; ಆ ವಾರ ಸೊಂಟದ ನೀರಿನಲ್ಲಿ ಸಿಕ್ಕಷ್ಟು ಜೇಕನ್ನು ನಾನೊಬ್ಬನೇ ಕೊಯ್ದೆ. ಅಪ್ಪ ಹುನಗುಂದದ ದವಾಖಾನೆಗೆ ಗಾಡಿ ಹೂಡುತ್ತೇನೆಂದ. "ನಿನ್ನ ಎತ್ತ ಅಲ್ಲೀಮಟ ಹೋದ್ರ ದವಾಖಾನಿ ಅವಕ್ಕ ಬೇಕಾಕ್ಕೈತಿ," ಎಂದು ಕಾಕಾ ಒಪ್ಪಲಿಲ್ಲ. ಗುರುವಾರ ಕಾಕಿ ನನ್ನನ್ನು ಕರೆಸಿದಳು.

"ಒಳಗ ಬಾ. ಮುಂಜಾನಿಂದ ನಿನ್ನ ಹೆಸರ ಹಿಡದ ಬೈಯಾಕತ್ತಾರ."

ಕಾಕಾ ಗೋಡೆಗೆ ಒರಗಿದ್ದ. "ಪಟ್ಟಿ ಹೆಂಗ ಅದಾವ?" ಎಂದ.

ಅವನಿಗೆ ಸಮಾಧಾನವಾಗಲೆಂದು, "ಮೊಣಕಾಲ ಮಟ ಬಂದಾವ್ರಿ ಕಾಕಾ," ಎಂದೆ.

"ಯಾರ ಮೊಣಕಾಲು? ಕಪ್ಪೀದ?"

ನಾನು ನಕ್ಕೆ. ಅವನು ನಗಲಿಲ್ಲ.

"ನೆಲದಿಂದ ಮ್ಯಾಲ ಗಣ್ಣ ಎಷ್ಟು?"

ಮೂರು ಎನ್ನಬೇಕೆಂದು ಬಾಯಿ ತೆರೆದೆ. ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. "ಎರಡು," ಎಂದೆ.

"ಮೂರು ಆಗೂ ಮಟ ಕುಡಗೋಲ ಹಚ್ಚಬ್ಯಾಡ. ಎರಡಕ್ಕ ಕೊಯ್ದ್ರ ಬೇರಿನಾಗ ತ್ರಾಣ ಇರೂದಿಲ್ಲ, ಸಾಯ್ತೈತಿ."

"ಎತ್ತು ಭಾಳ ಹಸದಾವ್ರಿ."

"ಗೊತ್ತೈತಿ. ಈಗ ಕೊಯ್ದ್ರ ನಾಳೆ ಒಂದ ದಿನ ತಿಂತಾವ. ಬಿಟ್ರ ಮಳೀ ಬರೂ ಮಟ ತಿಂತಾವ." ಉಸಿರು ತೆಗೆದುಕೊಂಡು, "ಗಣ್ಣ ನೀ ಎಣಸು. ಬ್ಯಾರೇದವ್ರು ಎತ್ತರ ನೋಡ್ತಾರು," ಎಂದ.

ಮರುದಿನ ಮಧ್ಯಾಹ್ನದ ಬಾಂಗಿಗಿಂತ ಮೊದಲೇ ಹೋದ.

ಕಬರಸ್ತಾನದ ನೆಲ ಮೊರಮು. ಗುದ್ದಲಿ ಇಟ್ಟರೆ ಹಾರುತ್ತಿತ್ತು. ಓಣಿಯ ಏಳು ಮನೆಯವರೂ ಸರದಿಯಲ್ಲಿ ಅಗೆದರು. "ಜೀವನಾ ಪೂರಾ ಹಸಿ ನೆಲದಾಗ ಇದ್ದ ಮನಶ್ಯಾ," ಎಂದ ಅಪ್ಪ. "ಇರ್ಲಿ ಬಿಡು, ಕಾಲಿಗೆ ಆರಾಮಾಕ್ಕೈತಿ," ಎಂದ ಪಕ್ಕದಲ್ಲಿದ್ದವನು. ಹೇಳಿ ಮುಖ ಆಚೆ ತಿರುಗಿಸಿದ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದೆವು.

ಶನಿವಾರ ಮುಂಜಾನೆ ಆರು ಗಾಡಿಯವರೂ ಕುಡಗೋಲು ಹಿಡಿದು ಹೊಲದ ಬಾಗಿಲಿಗೆ ಬಂದರು. ನಾನು ಅಡ್ಡ ನಿಂತಿದ್ದೆ.

"ಸರೀಲೇ."

"ಎರಡ ಗಣ್ಣ ಅದಾವ್ರಿ. ಮೂರ ಆಗ್ಬೇಕಂತ ಕಾಕಾ ಹೇಳ್ಯಾರ."

"ಕಾಕಾ ಹೇಳಿದ್ದೋ, ನೀ ಉಬ್ಬಿಸಿದ್ದೋ?" ಎಂದ ಮೀಸೆಯವನು. "ನಿನ್ನಿ ನಮ್ಮ ಎತ್ತು ಎದ್ದ ನಿಂತಿಲ್ಲ. ಅದು ಸತ್ರ ನಿನ್ನ ಕೊಳ್ಳಿಗೆ ನೊಗಾ ಕಟ್ಲೇನು?"

ನನ್ನ ಬಳಿ ಸಾಕ್ಷಿ ಇರಲಿಲ್ಲ. ಕಾಕಿ ಗಂಡ ತೀರಿದ ಮೇಲಿನ ಇದ್ದತ್ತಿನಲ್ಲಿ ಒಳಗಿದ್ದಳು, ಹೊರಗೆ ಬರುವಂತಿರಲಿಲ್ಲ. ನಾನು ಏನು ಹೇಳಿದರೂ ಅದು ನಾನು ಹೇಳಿದ್ದಾಗುತ್ತಿತ್ತು. ಆಗ ಅಪ್ಪ ಹಿಂದಿನಿಂದ ಬಂದ. ಬೇಲಿಯ ಸಂದಿಯಿಂದ ಒಂದು ಕಡ್ಡಿ ಬಾಗಿಸಿ ನೋಡಿದ, ಇನ್ನೊಂದು ನೋಡಿದ. ಆಮೇಲೆ ಧೋತರ ಮೇಲೆ ಕಟ್ಟಿ ಕೆರೆಯ ಕಡೆ ತಿರುಗಿದ.

"ನಡೀರಿ, ಜೇಕ ಕೊಯ್ಯೂನು. ಯಾವ್ದು ಅಂತ ಇಂವಗ ಗೊತ್ತೈತಿ."

ಒಬ್ಬೊಬ್ಬರಾಗಿ ನೀರಿಗಿಳಿದರು. ನಾಲ್ಕು ದಿನ ಜೇಕು, ಬೇವಿನ ಸೊಪ್ಪು, ಆಲದ ಎಲೆ. ಮೀಸೆಯವನ ಎತ್ತನ್ನು ದಿನಕ್ಕೆ ಎರಡು ಸಲ ಆರು ಜನ ಹಿಡಿದು ಎಬ್ಬಿಸಿ ನಿಲ್ಲಿಸಿದೆವು. ನಾನು ದಿನಾ ಮುಂಜಾನೆ ಹೋಗಿ ಗಣ್ಣು ಎಣಿಸುತ್ತಿದ್ದೆ. ಎರಡು. ಎರಡು. ಎರಡು. ಎರಡು.

ಬುಧವಾರ ಮೂರು.

ಮೊದಲ ಪಟ್ಟಿಯನ್ನು ನಾನೇ ಕೊಯ್ದೆ. ಏಳು ಹೊರೆ ಕಟ್ಟಿ, ಎತ್ತಿ ನೋಡಿ ಸಮ ಮಾಡಿದೆ. ಮೀಸೆಯವನು ತನ್ನ ಹೊರೆ ಹೊತ್ತು ಓಡಿಯೇ ಹೋದ. ಆಮೇಲೆ ನನಗೆ ಕಾಕಾನ ಮನೆಯ ಎಮ್ಮೆ ನೆನಪಾಯಿತು. ಇಷ್ಟು ದಿನ ಅದಕ್ಕೆ ಅವನು ಏನು ಹಾಕುತ್ತಿದ್ದನೋ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮರುದಿನದ ಪಟ್ಟಿಯ ಅಂಚಿನಿಂದ ಎಂಟನೆಯ ಹೊರೆ ಕೊಯ್ದು ಹೊತ್ತುಕೊಂಡು ಹೋದೆ. ಹಿತ್ತಲಿನಲ್ಲಿ ಗೂಟ ಇತ್ತು, ಎಮ್ಮೆ ಇರಲಿಲ್ಲ.

"ಕಾಕಿ, ಎಮ್ಮಿ ಎಲ್ಲೈತ್ರಿ?"

ಬಾಗಿಲ ಪರದೆಯ ಹಿಂದಿನಿಂದ ಅವಳ ದನಿ ಬಂತು. "ಬೆಂಕಿ ಬಿದ್ದ ಮರುದಿನಾನ ಬಾದಾಮಿಗೆ ಮಗಳ ಮನಿಗೆ 'ಹೊಡಕೊಂಡ ಹೋಗ್ರಿ' ಅಂತ ಅಳ್ಯಾಗ ಕೊಟ್ಟ ಕಳಿಸಿದ್ರು. ಇಲ್ಲೆ ಹೊಟ್ಟಿ ಭಾಳ ಆಗ್ಯಾವ, ಒಂದ ಕಡಿಮಿ ಆಗ್ಲಿ ಅಂದ್ರು."

ನಾನು ಹೊರೆ ತಲೆಯ ಮೇಲಿಟ್ಟುಕೊಂಡೇ ನಿಂತೆ. ಹುಲ್ಲಿನ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು.

"ಯಾಕ ನಿಂತಿ?" ಎಂದಳು ಕಾಕಿ. "ಒಯ್ಯಿ, ಏಳು ಪಾಲ ಮಾಡು. ಬಾಡತೈತಿ."